ಬೆನ್ನ ಹಿಂದಿನ ದಡ

ಲಿನಿಯೆರ್ಸ್, ಬ್ಯೂನಸ್ ಐರಿಸ್
12 ನವೆಂಬರ್ 1996

ಪ್ರೀತಿಯ ಅವಿಚಾ,

ನಮ್ಮ ಐಮಾರಾ ಮಾತಿನಲ್ಲಿ ನನಗೆ ಉಳಿದಿರುವುದು ಹತ್ತೋ ಹನ್ನೆರಡೋ ಪದ. ಅಜ್ಜಿಗೆ ಅವಿಚಾ, ಮಗುವಿಗೆ ವಾವಾ, ಮಿಕ್ಕವು ಬರೀ ತಿಂಡಿಯ ಹೆಸರುಗಳು. ಆದ್ದರಿಂದ ಸ್ಪ್ಯಾನಿಷ್‌ನಲ್ಲಿಯೇ ಬರೆಯುತ್ತೇನೆ. ಮೇಷ್ಟ್ರು ದೋನ್ ಅಬುಂದಿಯೊ ಇದನ್ನು ನಿನಗೆ ಓದಿ ಹೇಳುತ್ತಿದ್ದಾರೆಂದು ಗೊತ್ತು. ಮೇಷ್ಟ್ರೇ, ನಮಸ್ಕಾರ. ದಯವಿಟ್ಟು ಏನನ್ನೂ ಬಿಡಬೇಡಿ, ಸೇರಿಸಲೂ ಬೇಡಿ. ಹೋದ ಸಲದ ಪತ್ರದಲ್ಲಿ ನಮ್ಮ ಅವಿಚಾ ನನಗೆ ‘ಸಮಯಪಾಲನೆ’ ಬೋಧಿಸಿದ್ದಳು. ಗಡಿಯಾರವೇ ಇಲ್ಲದ ಮನೆಯಲ್ಲಿ ಎಪ್ಪತ್ತೊಂದು ವರ್ಷ ಕಳೆದವಳಿಗೆ ಆ ಪದ ಎಲ್ಲಿ ಸಿಕ್ಕಿತೋ ಎಂದು ನಾನೂ ಅಮ್ಮನೂ ನಕ್ಕು ಸುಸ್ತಾದೆವು.

ಈಗ ವಿಷಯಕ್ಕೆ ಬರುತ್ತೇನೆ. ಇಲ್ಲಿಂದ ಬಸ್ಸಿನಲ್ಲಿ ಇಪ್ಪತ್ತು ಗಂಟೆ ದೂರ, ದಕ್ಷಿಣದ ಒಂದು ಬಂದರಿನಲ್ಲಿ ಹಡಗು ನಡೆಸುವುದನ್ನು ಕಲಿಸುವ ಶಾಲೆ ಇದೆ. ಮೂರು ವರ್ಷ ಅಲ್ಲೇ ಊಟ, ಅಲ್ಲೇ ವಾಸ. ಇಷ್ಟು ದಿನ ಹುಡುಗರನ್ನು ಮಾತ್ರ ಸೇರಿಸಿಕೊಳ್ಳುತ್ತಿದ್ದರು. ಈ ಸಲ ಆರು ಜನ ಹುಡುಗಿಯರಿಗೆ ಜಾಗ ಕೊಟ್ಟಿದ್ದಾರೆ. ಆ ಆರು ಜನರಲ್ಲಿ ನಾನೂ ಒಬ್ಬಳು, ಅವಿಚಾ. ಪರೀಕ್ಷೆ ಬರೆದದ್ದನ್ನು ನಿನಗೆ ಹೇಳಿರಲಿಲ್ಲ, ಏಕೆಂದರೆ ಪಾಸಾಗುತ್ತೇನೆಂದು ನನಗೇ ನಂಬಿಕೆ ಇರಲಿಲ್ಲ. ಬರುತ್ತೇನೋ ಇಲ್ಲವೋ ಎಂದು ಫೆಬ್ರವರಿ ಇಪ್ಪತ್ತರೊಳಗೆ ತಿಳಿಸಬೇಕು.

ತರಗತಿಯಲ್ಲಿ ಗೊತ್ತಾದಾಗ ಹಿಂದಿನ ಬೆಂಚಿನವನೊಬ್ಬ, “ನಿಮ್ಮ ಬೊಲಿವಿಯಾಕ್ಕೆ ಕಡಲೇ ಇಲ್ವಲ್ಲ, ಬಕೆಟ್‌ನಲ್ಲಿ ಹಡಗು ಬಿಡ್ತೀಯಾ?” ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಶೌಚಾಲಯಕ್ಕೆ ಹೋಗಿ ಮುಖ ತೊಳೆದುಕೊಂಡೆ.

ಕಡಲನ್ನು ನಾನು ಕಂಡಿಲ್ಲ. ಇಲ್ಲಿಯ ನದಿ ಕಡಲಿನಷ್ಟೇ ಅಗಲ ಎನ್ನುತ್ತಾರೆ, ಆದರೆ ಅದರ ಬಣ್ಣ ಹಾಲು ಹಾಕಿದ ಕಾಫಿಯದು. ನನಗೆ ನೆನಪಿರುವ ನೀರೆಂದರೆ ನಮ್ಮ ಟಿಟಿಕಾಕಾ ಕೆರೆಯದೇ. ಐದು ವರ್ಷದವರೆಗೆ ನಿನ್ನ ಜೊತೆ ದ್ವೀಪದಲ್ಲಿದ್ದೆನಲ್ಲ, ಆ ನೀಲಿ ಇನ್ನೂ ಕಣ್ಣಲ್ಲಿದೆ. ಅಂಥ ನೀರಿನ ಮೇಲೆ ಬದುಕಬೇಕು ಎನ್ನುವ ಆಸೆ ಬಿಟ್ಟರೆ ನನಗೆ ಬೇರೆ ಕಾರಣ ಗೊತ್ತಿಲ್ಲ.

ಅಮ್ಮ ಹೂಂ ಎನ್ನುವುದಿಲ್ಲ, ಊಹೂಂ ಎನ್ನುವುದೂ ಇಲ್ಲ. ಏಳು ವರ್ಷದ ಹಿಂದೆ ಅಪ್ಪ ಕಟ್ಟಡದ ಸಾರುವೆಯಿಂದ ಬಿದ್ದು ಆಸ್ಪತ್ರೆಯಲ್ಲಿದ್ದ ಆ ನಾಲ್ಕು ದಿನಗಳಲ್ಲಿ ಅವಳಿಂದ ಒಂದು ಮಾತು ತೆಗೆದುಕೊಂಡಿದ್ದನಂತೆ. ನಿಲ್ದಾಳ ದೊಡ್ಡ ವಿಷಯ ಯಾವುದನ್ನೂ ನನ್ನ ತಾಯಿಯನ್ನು ಕೇಳದೆ ತೀರ್ಮಾನಿಸಬೇಡ ಎಂದು. ಅಮ್ಮ ಈ ದೇಶದ ಸಾಲ್ತಾದವಳು, ಐಮಾರಾ ಒಂದಕ್ಷರ ಬಾರದು, ನಿನ್ನನ್ನು ನೋಡಿದ್ದು ಎರಡೇ ಸಲ, ನನ್ನನ್ನು ಬಿಡಲು ಬಂದಾಗ, ಕರೆದೊಯ್ಯಲು ಬಂದಾಗ. ಆದರೂ ಹೊಲಿಗೆ ಯಂತ್ರದಿಂದ ತಲೆ ಎತ್ತದೆ ಹೇಳಿದಳು: “ನಿನ್ನ ಅವಿಚಾ ಏನ್ ಹೇಳ್ತಾರೋ ಅದೇ ಆಗ್ಲಿ. ನಾನು ಕೊಟ್ಟ ಮಾತು ಅದು.”

ಆದ್ದರಿಂದ ನನ್ನ ಕಡಲು ಈಗ ನಿನ್ನ ಬಾಯಲ್ಲಿದೆ. ಬೇಗ ಹೇಳು.

ನಿನ್ನ ನಿಲ್ದಾ

*

ಚಿಸಾಯಾ ದ್ವೀಪ, ಟಿಟಿಕಾಕಾ
9 ಡಿಸೆಂಬರ್ 1996

ಪ್ರಿಯ ಮೊಮ್ಮಗಳಾದ ನಿಲ್ದಾಳಿಗೆ,

ಅಜ್ಜಿಯಾದ ಕಾಸಿಮಿರಾ ಲರುತಾ ಮಾಡುವ ಆಶೀರ್ವಾದಗಳು. ದೇವರ ದಯೆಯಿಂದ ಇಲ್ಲಿ ಎಲ್ಲವೂ ಸುಸೂತ್ರವಾಗಿದೆ. ನೀವಿಬ್ಬರೂ ಆರೋಗ್ಯವಾಗಿರುವಿರೆಂದು ನಂಬಿದ್ದೇನೆ.

ನಿನ್ನ ಪತ್ರ ಮೂರನೇ ತಾರೀಖು ತಲುಪಿತು. ಎರಡು ಸಲ ಓದಿಸಿಕೊಂಡೆ. ಆಮೇಲೆ ಐದು ದಿನ ಯೋಚಿಸಿದೆ. ಈ ಐದು ದಿನವೂ ಎಂದಿನಂತೆ ದೋಣಿ ನಡೆಸಿದೆ, ದಿನಕ್ಕೆ ಎರಡು ಸಲ ಆಚೆ ದಡಕ್ಕೆ, ಎರಡು ಸಲ ಈಚೆಗೆ. ನನಗೆ ಯೋಚನೆ ಬರುವುದು ಹುಟ್ಟು ಹಾಕುವಾಗ ಮಾತ್ರ. ದೋಣಿಗೇನೂ ಆಗಿಲ್ಲ, ಇನ್ನೂ ಇಪ್ಪತ್ತು ವರ್ಷ ಬಾಳುತ್ತದೆ. ಭುಜ ಅಷ್ಟು ಬಾಳುವುದಿಲ್ಲ.

ಹದಿನಾರು ವರ್ಷದವರಿಗೆ ಬುದ್ಧಿ ಹೇಳುವುದು ಹಿರಿಯರ ಕರ್ತವ್ಯ. ಬೆಳಗ್ಗೆ ಎದ್ದ ಕೂಡಲೇ ತಣ್ಣೀರಿನಲ್ಲಿ ಮುಖ ತೊಳೆ. ಜೊತೆಗಿದ್ದವರು ಹಸಿದಿರುವಾಗ ನೀನೊಬ್ಬಳೇ ತಿನ್ನಬೇಡ. ಅಮ್ಮನ ಜೊತೆ ಜಗಳವಾಡು, ಪರವಾಗಿಲ್ಲ, ಆದರೆ ಮಾತು ಬಿಟ್ಟು ಮಲಗಬೇಡ. ನಗುವವರ ಜೊತೆ ನೀನೂ ನಕ್ಕೆಯಲ್ಲ, ಅದು ನನಗೆ ಹಿಡಿಸಲಿಲ್ಲ. ನಗು ಬಾರದಿದ್ದರೆ ನಗಬೇಡ. ಶಿಸ್ತು, ಶುಚಿತ್ವ ಮತ್ತು ವಿಧೇಯತೆ ವಿದ್ಯಾರ್ಥಿ ಜೀವನದ ಮೂರು ಆಧಾರಸ್ತಂಭಗಳೆಂಬುದನ್ನು ಮರೆಯದಿರು. ಮೇಷ್ಟ್ರು ಏನೋ ಜಾಸ್ತಿ ಬರೆಯುತ್ತಿದ್ದಾರೆ, ನಾನು ಇಷ್ಟು ಉದ್ದ ಮಾತಾಡಲಿಲ್ಲ.

ನೀನು ಕೇಳಿದ ದೊಡ್ಡ ವಿಷಯಕ್ಕೆ ನನ್ನ ಉತ್ತರ ಇದು. ಹಿಂದಕ್ಕೆ ಹೋಗು, ವಾವಾ. ಹೆದರಬೇಡ. ನಿನ್ನ ಮುಂದಿರುವುದು ಎಲ್ಲಿಗೂ ಓಡಿಹೋಗುವುದಿಲ್ಲ. ಅದರ ಮೇಲೆ ಕಣ್ಣಿಟ್ಟುಕೊಂಡು ಹಿಂದಕ್ಕೆ ಹೋಗು. ನಿನ್ನ ತಂದೆ ಬದುಕಿದ್ದರೆ ಅವನೂ ಇದನ್ನೇ ಹೇಳುತ್ತಿದ್ದ.

ಅಮ್ಮನಿಗೆ ಒಂದು ಸಣ್ಣ ಚೀಲ ಒಣಗಿಸಿದ ಆಲೂಗಡ್ಡೆ ಕಳಿಸಿದ್ದೇನೆ.

ನಿನ್ನ ಅಜ್ಜಿ ಕಾಸಿಮಿರಾ

ಬರೆದವನ ಮಾತು: ಮಗಳೇ, ನಿನ್ನ ಅಪ್ಪಣೆಯಂತೆ ಈ ಸಲ ಹೆಚ್ಚೇನೂ ಸೇರಿಸಿಲ್ಲ. ನಾನು ಸ್ಪ್ಯಾನಿಷ್ ಮಾತಾಡುವ ತರಿಹಾದವನಾದರೂ ನಾಲ್ಕು ವರ್ಷದಿಂದ ಇಲ್ಲಿದ್ದು ಐಮಾರಾ ಸಾಕಷ್ಟು ಕಲಿತಿದ್ದೇನೆ. ನಿನ್ನ ವಿಷಯ ದೊಡ್ಡದಾದ್ದರಿಂದ ಮುಖ್ಯವಾದ ಆ ಮಾತನ್ನು ಎರಡು ಸಲ ಕೇಳಿ ಖಚಿತ ಮಾಡಿಕೊಂಡೆ. ಅಜ್ಜಿ ಹೆಬ್ಬೆರಳನ್ನು ಭುಜದ ಮೇಲಿಂದ ಹಿಂದಕ್ಕೆ ತೋರಿಸಿಯೇ ಹೇಳಿದರು. ನಾಳೆ ನಾನು ರಜೆಗೆ ಊರಿಗೆ ಹೊರಡುತ್ತೇನೆ. ಅಬುಂದಿಯೊ.

*

ಲಿನಿಯೆರ್ಸ್
4 ಜನವರಿ 1997

ಗೌರವಾನ್ವಿತ ಅಜ್ಜಿಯವರಿಗೆ,

ನಿಮ್ಮ ಪತ್ರ ತಲುಪಿತು. ಆಲೂಗಡ್ಡೆಯೂ ತಲುಪಿತು, ಅಮ್ಮ ಧನ್ಯವಾದ ಹೇಳಿದ್ದಾಳೆ.

ಹಿಂದಕ್ಕೆ ಹೋಗು ಎಂದು ಬರೆಸಿದ್ದೀರಿ. ಪತ್ರವನ್ನು ನಾನು ಅಮ್ಮನಿಗೆ ಜೋರಾಗಿ ಓದಿ ಹೇಳಿದೆ. ಅವಳು ಯಂತ್ರ ನಿಲ್ಲಿಸಿ, “ಆಯ್ತಲ್ಲ ಮತ್ತೆ” ಎಂದಳು. ಆಮೇಲೆ ಯಂತ್ರ ಮತ್ತೆ ಶುರುವಾಯಿತು.

ನಾನು ವಾದ ಮಾಡುವುದಿಲ್ಲ. ಕೇಳಿದವಳು ನಾನೇ. ಶಾಲೆಯವರಿಗೆ ಬರುವುದಿಲ್ಲವೆಂದು ಮೊನ್ನೆಯೇ ಬರೆದು ಅಂಚೆಗೆ ಹಾಕಿದೆ. ನನ್ನ ಜಾಗಕ್ಕೆ ಕಾಯುತ್ತಿರುವ ಹುಡುಗಿಗೆ ಎಷ್ಟು ಸಂತೋಷವಾಗುತ್ತದೋ ಎಂದುಕೊಂಡು ಮನಸ್ಸಿಗೆ ಸಮಾಧಾನ ಹೇಳಲು ನೋಡಿದೆ. ಆಗಲಿಲ್ಲ. ಆ ಹುಡುಗಿಯ ಮೇಲೆ ಕೋಪವೇ ಬಂತು.

ನಿಮ್ಮ ಭುಜದ ವಿಷಯ ಬರೆದದ್ದು ಯಾಕೆಂದು ಅರ್ಥವಾಯಿತು. ಹಿಂದಕ್ಕೆ ಎಂದರೆ ದ್ವೀಪಕ್ಕೆ, ನಿಮ್ಮ ಹತ್ತಿರಕ್ಕೆ, ಅಲ್ಲವೇ? ಅಮ್ಮನ ಜೊತೆ ಮಾತಾಡಿದ್ದೇನೆ. ಮಾರ್ಚ್ ಮೊದಲ ವಾರ ಲಾ ಪಾಸ್‌ಗೆ ಹೋಗುವ ಬಸ್ಸಿನಲ್ಲಿ ಬರುತ್ತೇನೆ. ಹುಟ್ಟು ಹಾಕಲು ಕಲಿಯುತ್ತೇನೆ. ಕೆರೆಯೂ ನೀರೇ.

ಒಂದು ಮಾತು ಮಾತ್ರ ಕೇಳಬೇಕೆನಿಸುತ್ತದೆ. ಅಪ್ಪನನ್ನು ನೀವು ಹೋಗಲು ಬಿಟ್ಟಿರಿ. ಅವನು ವಾಪಸು ಬರಲಿಲ್ಲ. ನನ್ನನ್ನು ತಡೆದದ್ದು ಅದಕ್ಕಾಗಿಯೇ ಆದರೆ ಹಾಗೆಂದೇ ಬರೆಯಬಹುದಿತ್ತು. ಅಪ್ಪನ ಹೆಸರು ಹಿಡಿದು ಹೇಳಬಾರದಿತ್ತು.

ನಿಮ್ಮ ಮೊಮ್ಮಗಳು
ನಿಲ್ದಾ ಲರುತಾ

*

ಚಿಸಾಯಾ ದ್ವೀಪ
9 ಫೆಬ್ರವರಿ 1997, ಕಾರ್ನಿವಲ್ ಭಾನುವಾರ

ನಿಲ್ದಾ,

ನಾನು ರುಫಿನಾ, ಇಲ್ಲಿಯ ಆರೋಗ್ಯ ಕೇಂದ್ರದ ದಾದಿ. ನೀನು ಚಿಕ್ಕವಳಿದ್ದಾಗ ನಿನ್ನ ಹೇನು ತೆಗೆದವಳು. ಹೊರಗೆ ಊರೆಲ್ಲ ಕುಣಿಯುತ್ತಿದೆ, ನಾನು ಕುಣಿಯುವ ಲಂಗದಲ್ಲೇ ಕೂತು ಬರೆಯುತ್ತಿದ್ದೇನೆ. ನಿನ್ನ ಅವಿಚಾ ಕುಣಿತದ ಮಧ್ಯದಿಂದ ನನ್ನನ್ನು ಕೈಹಿಡಿದು ಎಳೆದುಕೊಂಡು ಬಂದಿದ್ದಾಳೆ. ಇನ್ನು ಮುಂದೆ ಅವಳ ಮಾತು.

ವಾವಾ, ಹೋಗು. ಕಡಲಿಗೆ ಹೋಗು. ಇದನ್ನು ಮೊದಲು ಓದು, ಉಳಿದದ್ದನ್ನು ಆಮೇಲೆ ಓದು.

ನಿನ್ನ ಪತ್ರ ಮೊನ್ನೆ ಬಂತು. ಈ ವರ್ಷ ಗಾಳಿ ಜಾಸ್ತಿ, ಅಂಚೆಯ ದೋಣಿ ಆಚೆಯೇ ನಿಂತುಬಿಟ್ಟಿತ್ತು. ಸಂತೆಯಲ್ಲಿ ಗುರುತಿಲ್ಲದವರನ್ನು ಮಾತಾಡಿಸುವ ಹಾಗೆ ‘ನೀವು’ ‘ನೀವು’ ಎಂದು ಬರೆದಿದ್ದೀಯ. ಅದಕ್ಕೆ ಬೇಕಾದರೆ ಎದುರು ಸಿಕ್ಕಾಗ ಕಿವಿ ಹಿಂಡುತ್ತೇನೆ. ಈಗ ನಾನು ಹೇಳಿದ್ದೇನು, ಮೇಷ್ಟ್ರು ಬರೆದದ್ದೇನು, ಕೇಳು.

ನಮ್ಮ ಮಾತಿನಲ್ಲಿ ಕಣ್ಣಿಗೆ ನಯ್ರಾ ಎನ್ನುತ್ತೇವೆ. ಮುಂದೆ ಎನ್ನುವುದಕ್ಕೂ ನಯ್ರಾ. ಕಳೆದುಹೋದ ದಿನಗಳಿಗೂ ನಯ್ರಾ. ಯಾಕೆಂದರೆ ಆಗಿಹೋದದ್ದನ್ನು ನೋಡಿದ್ದೇವೆ, ಅದು ಕಣ್ಣೆದುರಿಗೇ ಇದೆ. ಬೆನ್ನ ಹಿಂದಿರುವುದಕ್ಕೆ ಖೆಪಾ ಎನ್ನುತ್ತೇವೆ. ಇನ್ನೂ ಬಾರದ ದಿನಗಳಿಗೂ ಖೆಪಾ ಎಂದೇ ಹೆಸರು. ನಾಳೆಯನ್ನು ಯಾರೂ ನೋಡಿಲ್ಲ. ಬೆನ್ನಿಗೆ ಕಣ್ಣಿಲ್ಲವಲ್ಲ. ನಾನು ನಿನಗೆ ಖೆಪಾಕ್ಕೆ ಹೋಗು ಎಂದೆ. ಇನ್ನೂ ಕಾಣದಿರುವುದಕ್ಕೆ ಹೋಗು, ಹೆದರಬೇಡ ಎಂದೆ. ಪಾಪ, ತರಿಹಾದ ಮೇಷ್ಟ್ರು ಹಿಂದಕ್ಕೆ ಎಂದು ಬರೆದರು. ನನ್ನ ಹೆಬ್ಬೆರಳನ್ನು ಸಾಕ್ಷಿಗೂ ಕರೆದರು. ನಿಮ್ಮ ಸ್ಪ್ಯಾನಿಷ್‌ನವರು ನಾಳೆಯನ್ನು ಮುಖದ ಮುಂದೆ ಇಟ್ಟುಕೊಂಡು ಓಡಾಡುತ್ತಾರೆಂದು ರುಫಿನಾ ಈಗ ಹೇಳಿದಳು. ಕಾಣದ್ದನ್ನು ಮುಂದಿಟ್ಟುಕೊಂಡು ಹೇಗೆ ನಡೆಯುತ್ತಾರೋ ನನಗೆ ತಿಳಿಯದು.

ನೀನು ನನ್ನ ದೋಣಿಯಲ್ಲಿ ಎಷ್ಟೋ ಸಲ ಕೂತಿದ್ದೀಯ, ಹುಟ್ಟು ಮಾತ್ರ ಹಿಡಿದಿಲ್ಲ. ಹಿಡಿದಿದ್ದರೆ ಇಷ್ಟೆಲ್ಲ ಬರೆಸುವ ಕೆಲಸವೇ ಇರುತ್ತಿರಲಿಲ್ಲ. ಹುಟ್ಟು ಹಾಕುವವಳು ಹೋಗುವ ದಡದ ಕಡೆಗೆ ಬೆನ್ನು ಹಾಕಿ ಕೂರುತ್ತಾಳೆ. ಅವಳಿಗೆ ಕಾಣುವುದು ಬಿಟ್ಟುಬಂದ ದಡವೊಂದೇ. ನಾನು ನಲವತ್ತಮೂರು ವರ್ಷ ಹಾಗೆಯೇ ಆಚೆ ದಡಕ್ಕೆ ಹೋಗಿದ್ದೇನೆ, ಕಾಣದೆ. ನೆಟ್ಟಗೆ ಹೋಗುವುದು ಹೇಗೆ ಗೊತ್ತೇ? ನಮ್ಮ ಅಂಗಳದ ನೀಲಗಿರಿ ಮರ, ಅದರ ಹಿಂದೆ ಬಲು ದೂರದಲ್ಲಿ ಇಲ್ಯಾಂಪು ಬೆಟ್ಟದ ಬಿಳಿ ನೆತ್ತಿ. ಮರ ಮತ್ತು ಬೆಟ್ಟ ಒಂದರ ಹಿಂದೆ ಒಂದು ನಿಂತಿರುವವರೆಗೆ ದೋಣಿ ನೆಟ್ಟಗಿದೆ. ಬೆಟ್ಟ ಮರದ ಪಕ್ಕಕ್ಕೆ ಇಣುಕಿತೋ, ದಾರಿ ತಪ್ಪಿದೆ, ಸರಿಮಾಡಿಕೊ. ಕತ್ತು ತಿರುಗಿಸಬಾರದು. ತಿರುಗಿಸಿದರೆ ಆಚೆ ದಡ ಒಂದು ಕ್ಷಣ ಕಾಣುತ್ತದೆ, ಆದರೆ ಗುರುತು ಎರಡೂ ಕೈಬಿಟ್ಟುಹೋಗುತ್ತವೆ.

ನಾನು ನಿನಗೆ ಕಣ್ಣಿಟ್ಟುಕೊಂಡು ಹೋಗು ಎಂದದ್ದು ಇದನ್ನೇ. ಮನೆಯನ್ನೂ, ನಾವು ಅಜ್ಜನೆಂದು ಕೈಮುಗಿಯುವ ಆ ಬೆಟ್ಟವನ್ನೂ ಕಣ್ಣಲ್ಲಿಟ್ಟುಕೊ, ಬೆನ್ನನ್ನು ಕಡಲಿಗೆ ಕೊಡು, ಹೋಗು.

ಬುಧವಾರ ಲಾ ಪಾಸ್‌ನಿಂದ ಹೊರಡುವ ಬಸ್ಸಿನ ಚಾಲಕನ ಕೈಯಲ್ಲೇ ಇದನ್ನು ಕೊಡುತ್ತೇನೆ. ಅಂಚೆಗೆ ಹಾಕುವುದಿಲ್ಲ. ಕಾಗದ ಸಿಕ್ಕ ಕೂಡಲೇ ಅಮ್ಮನನ್ನು ಎಬ್ಬಿಸಿ ಶಾಲೆಯವರನ್ನು ಹೋಗಿ ಕೇಳು. ಕಾಲು ಹಿಡಿಯಬೇಡ. ಆದರೆ ಬಾಗಿಲು ಹಾಕಿದರೆ ಅಲ್ಲೇ ನಿಂತಿರು.

ಅವಿಚಾ

*

ಪುಯೆರ್ತೊ ಮಾದ್ರಿನ್
30 ಮಾರ್ಚ್ 1997

ನನ್ನ ಅವಿಚಾ,

ಕಡಲಿನಿಂದ ಬರೆಯುತ್ತಿದ್ದೇನೆ.

ಮೊದಲು ಅದು ಹೇಗಾಯಿತೆಂದು ಹೇಳುತ್ತೇನೆ. ಬಸ್ಸಿನ ಚಾಲಕ ಹದಿನಾರನೇ ತಾರೀಖು ನಮ್ಮ ಬಾಗಿಲಿಗೇ ಬಂದ. ನಿನ್ನ ಕಾಗದವನ್ನು ನಿಂತೇ ಓದಿದೆ. ಅಮ್ಮನಿಗೆ ಓದಿ ಹೇಳುವಾಗ ಅರ್ಧದಲ್ಲೇ ಅವಳು ನನ್ನ ಕೈಯಿಂದ ಕಾಗದ ಕಿತ್ತುಕೊಂಡು ತಾನೇ ಓದಿ ಮುಗಿಸಿದಳು. ಮರುದಿನ ಬೆಳಗ್ಗೆ ಮೂಲೆಯ ಅಂಗಡಿಯಿಂದ ಶಾಲೆಗೆ ಫೋನು ಮಾಡಿದೆವು. ನಿಮ್ಮ ಹೆಸರನ್ನು ಹೊಡೆದುಹಾಕಿದೆ, ಬದಲಿ ಹುಡುಗಿಗೆ ಹೇಳಿಕಳಿಸಿದ್ದೇವೆ, ಅವಳ ಉತ್ತರ ಇನ್ನೂ ಬಂದಿಲ್ಲ ಎಂದರು. ಇಪ್ಪತ್ತನೇ ತಾರೀಖಿನ ಒಳಗೆ ಖುದ್ದಾಗಿ ಬಂದು ಸಹಿ ಹಾಕುವವರಿಗೆ ಜಾಗ ಎಂದರು. ಅಮ್ಮ ಯಂತ್ರಕ್ಕೆ ಬಟ್ಟೆ ಮುಚ್ಚಿದಳು. ಅವಳು ಅದಕ್ಕೆ ಬಟ್ಟೆ ಮುಚ್ಚಿದ್ದನ್ನು ನಾನು ಅಪ್ಪ ಸತ್ತಾಗ ಬಿಟ್ಟರೆ ಮತ್ತೆ ನೋಡಿರಲಿಲ್ಲ. ಹತ್ತೊಂಬತ್ತರ ಮಧ್ಯಾಹ್ನ ನಾವಿಬ್ಬರೂ ಶಾಲೆಯ ಬಾಗಿಲಲ್ಲಿ ನಿಂತಿದ್ದೆವು. ಬಾಗಿಲು ತೆರೆದೇ ಇತ್ತು.

ಅವಿಚಾ, ಗಾಳಿ ಇನ್ನು ನಾಲ್ಕು ದಿನ ಹೆಚ್ಚು ಬೀಸಿದ್ದರೆ ನನಗೆ ಕಡಲು ಸಿಗುತ್ತಿರಲಿಲ್ಲ. ನೆನೆಸಿಕೊಂಡರೆ ಮೈ ಜುಂ ಎನ್ನುತ್ತದೆ. ನೀನು ಕಾಗದ ಸಿಕ್ಕ ಎರಡೇ ದಿನಕ್ಕೆ ಕುಣಿಯುವವಳನ್ನು ಎಳೆತಂದು ಬರೆಸಿದೆ. ನಾನೋ, ನಿನ್ನ ಮೇಲೆ ಸಿಟ್ಟುಮಾಡಿಕೊಂಡು ಅಪ್ಪನ ಹೆಸರನ್ನೂ ಎಳೆದೆ. ತಪ್ಪಾಯಿತು. ಕಿವಿ ನಿನಗೇ ಇಟ್ಟಿದ್ದೇನೆ, ಬಂದಾಗ ಹಿಂಡು.

ಈಗ ಕಡಲಿನ ವಿಷಯ. ಹೇಗೆ ಹೇಳಲಿ? ನಾವು ತಲುಪಿದ ಮಧ್ಯಾಹ್ನ ಅದು ದಡದ ಗೋಡೆಗೆ ತಾಗಿಕೊಂಡಿತ್ತು. ಸಹಿ ಹಾಕಿ, ಊಟ ಮಾಡಿ, ಸಂಜೆ ಮತ್ತೆ ನೋಡಲು ಹೋದರೆ ನೀರಿಲ್ಲ. ಹೋಗಿಬಿಟ್ಟಿತ್ತು. ನಮ್ಮ ದ್ವೀಪದ ಈ ತುದಿಯಿಂದ ಆ ತುದಿಯಷ್ಟು ದೂರ ಒದ್ದೆ ಮರಳು, ಅದರ ಮೇಲೆ ದೋಣಿಗಳು ಮಗ್ಗುಲಾಗಿ ಮಲಗಿದ್ದವು. ಏನೋ ಅನಾಹುತವಾಗಿದೆ ಎಂದುಕೊಂಡು ಅಲ್ಲಿ ಬಲೆ ಹೊಲಿಯುತ್ತಿದ್ದ ಮುದುಕನನ್ನು, ನೀರು ಎಲ್ಲಿ ಹೋಯಿತು ಎಂದು ಕೇಳಿದೆ. ಅವನು ತಲೆಯನ್ನೂ ಎತ್ತಲಿಲ್ಲ. “ಬರತ್ತೆ ಬಿಡು ಮಗಾ, ದಿನಾ ಎರಡು ಸಲ ಹೋಗತ್ತೆ, ಎರಡು ಸಲ ಬರತ್ತೆ” ಎಂದ. ನೀನು ದಿನಕ್ಕೆ ಎರಡು ಸಲ ಹೋಗಿಬರುವ ಹಾಗೆ. ಆದರೆ ಅಷ್ಟು ನೀರನ್ನು ಯಾರು ಹುಟ್ಟು ಹಾಕಿ ಕೊಂಡೊಯ್ಯುತ್ತಾರೆ? ಪುಸ್ತಕದಲ್ಲಿ ಚಂದ್ರ ಎಂದು ಬರೆದಿದೆ. ಓದಿದೆ, ಪರೀಕ್ಷೆಯಲ್ಲೂ ಬರೆದೆ. ಆದರೂ ದಡದಲ್ಲಿ ನಿಂತಾಗ ನಂಬಲಾಗುವುದಿಲ್ಲ.

ಎರಡನೆಯ ವಾರ ನಮ್ಮನ್ನು ದೋಣಿಗೆ ಹತ್ತಿಸಿದರು. ಎಲ್ಲರೂ ಎಲ್ಲಿಗೆ ಹೋಗುತ್ತಿದ್ದೇವೆಂದು ಕತ್ತು ತಿರುಗಿಸಿ ತಿರುಗಿಸಿ ನೋಡಿ ಸೊಟ್ಟ ಸೊಟ್ಟ ಹೋದರು. ನಾನು ದಡದ ನೀರಿನ ಗೋಪುರವನ್ನೂ ಅದರ ಹಿಂದಿನ ಗುಡ್ಡವನ್ನೂ ಒಂದು ಮಾಡಿ ಹುಟ್ಟು ಹಾಕಿದೆ. ಕಲಿಸುವವರು ಯಾರು ಹೇಳಿಕೊಟ್ಟರು ಎಂದು ಕೇಳಿದರು. ನಮ್ಮ ಅಜ್ಜಿ, ಕಾಗದದಲ್ಲಿ, ಎಂದೆ. ಯಾರೂ ನಗಲಿಲ್ಲ.

ಆದರೆ ಅವಿಚಾ, ಒಂದು ಮಾತು ನಿನಗೆ ಹೇಳಲೇಬೇಕು. ನಿನ್ನ ಕೆರೆಯಲ್ಲಿ ಬೆನ್ನ ಹಿಂದೆ ದಡ ಇರುತ್ತದೆ, ಕಾಣದಿದ್ದರೂ ಇದೆಯೆಂದು ನಿನಗೆ ಗೊತ್ತು. ನಾನು ಅಂದು ನಿಲ್ಲಿಸಿ ತಿರುಗಿ ನೋಡಿದೆ. ಏನೂ ಇರಲಿಲ್ಲ. ನೀರು ಆಕಾಶದವರೆಗೆ ಹೋಗಿ ಅಲ್ಲೇ ಮುಗಿದಿತ್ತು. ಭಯವಾಯಿತು, ಅಳು ಬಂತು, ಅದರ ಜೊತೆಗೇ ಬೇರೆ ಎಲ್ಲಿಯೂ ಇರಲಾರೆ ಎಂದೂ ಅನಿಸಿತು. ನೀನು ಕೆರೆಗೆ ಅರ್ಪಿಸುವ ಕೋಕಾ ಎಲೆ ಇಲ್ಲಿ ಸಿಗುವುದಿಲ್ಲ. ಇಲ್ಲಿಯವರು ಚಹಾದಂತೆ ಕುಡಿಯುವ ‘ಮಾತೆ’ ಎಂಬ ಸೊಪ್ಪಿನ ಪುಡಿ ಜೇಬಿನಲ್ಲಿತ್ತು, ಅದನ್ನೇ ಮೂರು ಚಿಟಿಕೆ ನೀರಿಗೆ ಹಾಕಿ, ನಾನು ಕಾಸಿಮಿರಾಳ ಮೊಮ್ಮಗಳು ಎಂದು ಹೇಳಿಕೊಂಡೆ.

ನಿನ್ನ ವಾವಾ

*

ಚಿಸಾಯಾ ದ್ವೀಪ
4 ಮೇ 1997

ವಾವಾ,

ನಿನ್ನ ಕಾಗದವನ್ನು ರುಫಿನಾ ಮೂರು ಸಲ ಓದಿದಳು. ಮೂರನೆಯ ಸಲ ಅಂಗಳದಲ್ಲಿ ಎಂಟು ಹೆಂಗಸರು ಕೂತಿದ್ದರು. ನೀರು ಎದ್ದು ಹೋಗುತ್ತದೆ ಎನ್ನುವಲ್ಲಿಗೆ ಬಂದಾಗ, ಹುಡುಗಿ ಬಣ್ಣ ಕಟ್ಟಿ ಬರೆಯುತ್ತಾಳೆ ಎಂದು ಒಬ್ಬಳು ಅಂದಳು. ಲರುತಾ ಮನೆಯವರು ಸುಳ್ಳು ಬರೆಯುವುದಿಲ್ಲ ಎಂದು ಇನ್ನೊಬ್ಬಳು ಅವಳ ಬಾಯಿ ಮುಚ್ಚಿಸಿದಳು. ಆಗ ನಾನು ಎದ್ದು ಒಳಗೆ ಹೋದೆ.

ಈಗ ಹೇಳುವುದನ್ನು ರುಫಿನಾ ಬರೆಯಲು ಒಪ್ಪುತ್ತಿಲ್ಲ. ಆಗಿದ್ದು ಆಗಿಹೋಯಿತು, ಹುಡುಗಿ ಸುಖವಾಗಿದ್ದಾಳೆ, ಯಾಕೆ ಕೆದಕುತ್ತೀಯ ಎಂದು ಎರಡು ಸಲ ಪೆನ್ನು ಕೆಳಗಿಟ್ಟಳು. ಆಗಿಹೋದದ್ದು ನನ್ನ ಕಣ್ಣೆದುರಿಗೇ ಇದೆ, ಅದನ್ನು ದಾಟಿ ನನಗೆ ಬೇರೇನೂ ಕಾಣುತ್ತಿಲ್ಲ ಎಂದೆ. ಬರೆಯುತ್ತಿದ್ದಾಳೆ.

ನಿನ್ನ ಜನವರಿಯ ಕಾಗದ, ನಾನು ಕಾರ್ನಿವಲ್ ದಿನ ಬರೆಸಿದ ಹಾಗೆ, ‘ಮೊನ್ನೆ’ ಬಂದದ್ದಲ್ಲ. ಗಾಳಿಯೂ ಇರಲಿಲ್ಲ. ಅದು ಬಂದದ್ದು ಜನವರಿ ಇಪ್ಪತ್ತೊಂಬತ್ತಕ್ಕೆ. ಮೇಷ್ಟ್ರು ಊರಲ್ಲಿರಲಿಲ್ಲ, ರುಫಿನಾಳೇ ಓದಿದಳು. ವಾಪಸು ಬಾ ಎಂದು ನಾನು ಹೇಳಿದೆನೆಂದು, ಶಾಲೆಗೆ ಬರುವುದಿಲ್ಲವೆಂದು ಬರೆದುಬಿಟ್ಟೆ ಎಂದು, ಮಾರ್ಚ್‌ನಲ್ಲಿ ಬರುತ್ತೇನೆಂದು. ಮೇಷ್ಟ್ರು ಎಲ್ಲಿ ಎಡವಿದ್ದಾರೆಂದು ನನಗೆ ಆ ಕ್ಷಣವೇ ಗೊತ್ತಾಯಿತು. ರುಫಿನಾ ಕಾಗದದಿಂದ ಕಣ್ಣೆತ್ತಿ ನನ್ನನ್ನು ಕೇಳಿದಳು.

“ಹೌದಾ? ಬಾ ಅಂತ ನೀನೇ ಬರೆಸಿದ್ಯಾ?”

“ಹೂಂ,” ಅಂದೆ. “ನಾನೇ ಬರೆಸಿದ್ದು.”

ಹನ್ನೊಂದು ದಿನ, ವಾವಾ. ಹನ್ನೊಂದು ದಿನ ನಾನು ಆ ಹೂಂ ಅನ್ನು ಬಾಯಲ್ಲಿಟ್ಟುಕೊಂಡು ಓಡಾಡಿದೆ. ತಪ್ಪು ಮೇಷ್ಟ್ರದ್ದು, ನನ್ನದಲ್ಲ ಎಂದು ಹೇಳಿಕೊಂಡೆ. ಹುಡುಗಿ ತಾನಾಗಿ ಬರುತ್ತೇನೆಂದಿದ್ದಾಳೆ, ನಾನೇಕೆ ಬೇಡವೆನ್ನಲಿ ಎಂದುಕೊಂಡೆ. ಡಿಸೆಂಬರ್‌ನಲ್ಲಿ ನಿನಗೆ ಹೋಗು ಎಂದು ಹೇಳುವುದಕ್ಕೆ ಐದು ದಿನ ಬೇಕಾಗಿತ್ತು. ಅಷ್ಟು ಕಷ್ಟಪಟ್ಟು ಹೇಳಿದ ಮಾತೇ ತಿರುಗಿ ನಿನ್ನನ್ನು ನನ್ನ ಬಾಗಿಲಿಗೆ ತರುತ್ತಿದೆ, ಇದು ಕೆರೆ ನನಗೆ ಕೊಟ್ಟದ್ದು ಎಂದೂ ಅನಿಸಿತು.

ಹನ್ನೊಂದನೆಯ ದಿನ ಕಾರ್ನಿವಲ್. ಬೆಳಗ್ಗೆ ಆಚೆ ದಡದಿಂದ ಕುಣಿತದವರನ್ನು ಕರೆತರಲು ಒಂದು ಸರದಿ ಇತ್ತು, ಹೋಗುವಾಗ ಜೊತೆಗೆ ಎರಡು ಕೋಳಿ ಹಿಡಿದ ಒಬ್ಬ ಹೆಂಗಸು. ಅರ್ಧ ದಾರಿಯಲ್ಲಿ ಏನನ್ನಿಸಿತೋ, ಮಾರ್ಚ್‌ನಲ್ಲಿ ನೀನು ಆ ದಡದಲ್ಲಿ ನಿಂತಿರುತ್ತೀಯಲ್ಲ, ಹೇಗೆ ಕಾಣುತ್ತೀಯೋ ಎಂದು ಕತ್ತು ತಿರುಗಿಸಿದೆ. ನಲವತ್ತಮೂರು ವರ್ಷದಲ್ಲಿ ಮೊದಲ ಸಲ. ದಡವನ್ನೇ ನೋಡುತ್ತ ಹುಟ್ಟು ಹಾಕಿದೆ. ಎಷ್ಟು ಹೊತ್ತೋ ಗೊತ್ತಿಲ್ಲ. ದೋಣಿ ಹೋಗಿ ಜೊಂಡಿನೊಳಗೆ ನುಗ್ಗಿ ಸಿಕ್ಕಿಹಾಕಿಕೊಂಡಿತು. ಕೋಳಿಯವಳು ಬೈದಳು, “ಏನಮ್ಮಾ ಕಾಸಿಮಿರಾ, ಕಣ್ಣು ಬೆನ್ನಿಗೆ ಹೋಯ್ತಾ?” ಬಿಡಿಸಿಕೊಳ್ಳಲು ಎರಡು ಗಂಟೆ ಹಿಡಿಯಿತು. ಮೊಣಕಾಲುದ್ದ ಕೆಸರಲ್ಲಿ ನಿಂತು ದೋಣಿ ತಳ್ಳುತ್ತ ನನಗೆ ನಾಚಿಕೆಯಾಯಿತು. ಕೋಳಿಯವಳ ಎದುರಲ್ಲ. ನನ್ನ ಅಂಗಳದ ಮರದ ಎದುರು, ಆ ಬಿಳಿ ನೆತ್ತಿಯ ಎದುರು. ನಾನು ಎಲ್ಲಿದ್ದೇನೆಂದು ಆ ಬೆಟ್ಟ ಅಲ್ಲಿಂದಲೇ ನೋಡುತ್ತಿತ್ತು. ಕುಣಿತದವರನ್ನು ಕರೆತಂದು ದ್ವೀಪದ ದಡ ಹತ್ತಿದವಳೇ ಹೋಗಿ ರುಫಿನಾಳ ಕೈ ಹಿಡಿದೆ. ಆಗಲೂ ನಿನಗೆ ನಿಜ ಹೇಳಲು ಧೈರ್ಯ ಬರಲಿಲ್ಲ, ಗಾಳಿಯ ಮೇಲೆ ಹಾಕಿದೆ. ಸುಳ್ಳೆಂದು ಗೊತ್ತಿದ್ದೂ ರುಫಿನಾ ಹಾಗೆಯೇ ಬರೆದುಕೊಟ್ಟಳು.

ನೀನು ಆ ಗಾಳಿಗೆ ಹೆದರಿ ಮೈ ಜುಂ ಎಂದಿತೆಂದು ಬರೆದೆ. ಆ ಗಾಳಿ ನಾನು.

ಡಿಸೆಂಬರ್‌ನಲ್ಲಿ ನಿನಗೆ ಬುದ್ಧಿ ಹೇಳಿದ್ದೆ, ಇದೊಂದನ್ನೂ ಇಟ್ಟುಕೊ. ದೊಡ್ಡವರು ನಿನಗೆ ಇದು ಒಳ್ಳೆಯದು, ಅದು ಒಳ್ಳೆಯದು ಎಂದು ಹೇಳುವಾಗ ಅವರಿಗೆ ಏನು ಬೇಕಾಗಿದೆ ಎಂದು ಮೊದಲು ನೋಡು. ಪ್ರೀತಿಸುವವರಾದರೆ ಇನ್ನೂ ಚೆನ್ನಾಗಿ ನೋಡು. ನನ್ನಿಂದಲೇ ಶುರುಮಾಡು.

ದಡವೇ ಇಲ್ಲದ ನೀರಿನ ಮೇಲೆ ನೀನಿದ್ದೀಯ. ನನಗೆ ತಿಳಿದಿರುವುದೆಲ್ಲ ಎರಡು ದಡದ ನಡುವಿನದು. ಕೂತಲ್ಲಿ ಕೂತು ಅದನ್ನೇ ಯೋಚಿಸುತ್ತೇನೆ, ನಮ್ಮ ಮನೆಯ ಹುಡುಗಿ ಅಂಥದ್ದರ ಮುಂದೆ ನಿಂತಿದ್ದಾಳೆ, ಹೆಸರು ಹೇಳಿ ಪರಿಚಯ ಮಾಡಿಕೊಂಡಿದ್ದಾಳೆ ಎಂದು. ನನಗೆ ಕೈ ಮುಗಿಯಬೇಕೆನಿಸುತ್ತದೆ, ಕಡಲಿಗೋ ನಿನಗೋ ತಿಳಿಯುವುದಿಲ್ಲ.

ಸಿಟ್ಟು ಬಂದರೆ ‘ನೀವು’ ಎಂದೇ ಬರೆ. ಆದರೆ ಬರೆ.

ಇನ್ನೊಂದು ಇದೆ, ಅದನ್ನೂ ಹೇಳಿಬಿಡುತ್ತೇನೆ. ಆ ಹನ್ನೊಂದು ದಿನ ನಾನು ಸುಮ್ಮನೆ ಕೂರಲಿಲ್ಲ. ನಿನ್ನ ಅಪ್ಪನ ಮಂಚವನ್ನು ಬಿಸಿಲಿಗೆ ಹಾಕಿದೆ. ಕಂಬಳಿ ಒಗೆದೆ. ದಿನಾ ಸಂಜೆ ಇಬ್ಬರಿಗಾಗುವಷ್ಟು ಆಲೂಗಡ್ಡೆ ಬೇಯಿಸಿದೆ, ಅಭ್ಯಾಸ ಮಾಡಿಕೊಳ್ಳಬೇಕೆಂದು. ಹನ್ನೊಂದು ದಿನ ನೀನು ನನ್ನ ಹತ್ತಿರ ಬರುತ್ತಿದ್ದೆ, ವಾವಾ. ನಿನ್ನ ಅಪ್ಪ ಫೋರ್ತುನಾತೊ ಹುಟ್ಟಿದಾಗಿನಿಂದ ನಾನು ಅಷ್ಟು ಸಂತೋಷವಾಗಿ ಇದ್ದದ್ದೇ ಇಲ್ಲ. ಸುಳ್ಳಿಗೆ ಕ್ಷಮೆ ಕೇಳುತ್ತೇನೆ. ಆ ಸಂತೋಷಕ್ಕೆ ಹೇಗೆ ಕ್ಷಮೆ ಕೇಳಬೇಕೋ ನನಗೆ ಗೊತ್ತಿಲ್ಲ.

ಅವಿಚಾ